ಸೊನ್ನೆ ಬಿದ್ದ ಲೇಖನ

ಕಾರ್ತಿಕದ ರವಿವಾರ, ಬೆಳಿಗ್ಗೆ ಏಳೂಕಾಲಿಗೆ ಬರೆಯಲು ಕೂತೆ.

ಎದ್ದ ಕೂಡಲೇ ಪ್ರತಿಯೊಬ್ಬರೂ ಯಾವುದೋ ಒಂದು ಅಂಕಿಯ ದರ್ಶನ ಪಡೆಯುತ್ತಾರೆ. ಬೇವೂರಿನ ನಮ್ಮ ಸೋದರಮಾವನಿಗೆ ಉಳ್ಳಾಗಡ್ಡಿಯ ದರ, ನನ್ನ ತಾಯಿಗೆ ರಕ್ತದ ಸಕ್ಕರೆ, ಓಣಿಯ ಹುಡುಗರಿಗೆ ಕ್ರಿಕೆಟ್ ಸ್ಕೋರು. ನಾನು ಮಾತ್ರ ಹಲ್ಲುಜ್ಜುವ ಮೊದಲೇ ಶಾಹೀನಾ ಆಪಾಳ ಉಲ್ಲೇಖಗಳ ಸಂಖ್ಯೆ ನೋಡಿ, ತಾರೀಖು ಹಾಕಿ ಬರೆದಿಡುತ್ತೇನೆ. ಇದರಿಂದ ಅವಳಿಗೆ ಕವಡೆಯ ಲಾಭವಿಲ್ಲ. ನನಗಂತೂ ಉಪಾಹಾರಕ್ಕೆ ಮೊದಲೇ ಹೊಟ್ಟೆ ತುಂಬಿದಂತಾಗುತ್ತದೆ.

ಆಪಾ, ಅಂದರೆ ಅಕ್ಕ, ಇಳಕಲ್ಲಿನ ನಮ್ಮ ಪಕ್ಕದ ಮನೆಯವಳು, ನೂಲಿಗೆ ಬಣ್ಣ ಹಾಕುವ ಮನೆತನದ ಮಗಳು, ಈಗ ದೂರದ ಊರೊಂದರ ಪ್ರಯೋಗಾಲಯದಲ್ಲಿ ರಕ್ತದ ಕ್ಯಾನ್ಸರಿನ ಸಂಶೋಧಕಿ. ಆ ಲೋಕದಲ್ಲಿ ಕೀರ್ತಿಗೂ ಒಂದು ಅಳತೆಗೋಲಿದೆ: ನೀವು ಬರೆದ ಲೇಖನವನ್ನು ಮುಂದಿನವರು ತಮ್ಮ ಲೇಖನದಲ್ಲಿ ಹೆಸರಿಸಿದರೆ ಅದು ಒಂದು ಉಲ್ಲೇಖ. ನಮ್ಮೂರ ಸೀರೆಯಲ್ಲಿ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಸೇರಿಸುವಂತೆ, ಒಬ್ಬರ ವಿದ್ಯೆಗೆ ಇನ್ನೊಬ್ಬರ ವಿದ್ಯೆ ಹೀಗೆ ಸೇರುತ್ತ ಹೋಗುತ್ತದೆ. ಗುಡೂರಿನ ಮದುವೆಯೊಂದರಲ್ಲಿ ಇದನ್ನು ನಾನು ಸವಿಸ್ತಾರವಾಗಿ ವಿವರಿಸುತ್ತಿದ್ದಾಗ ಎದುರಿಗಿದ್ದ ಹಿರಿಯರೊಬ್ಬರು, "ಅಂದ್ರ ಆಯೇರಿ ಉಡುಗೊರಿ ಇದ್ದಂಗ ಬಿಡವಾ, ಕೊಟ್ಟವರ ಹೆಸರ ಮೈಕಿನ್ಯಾಗ ಕೂಗತಾರಲ್ಲ" ಎಂದು ನನ್ನ ಉಪನ್ಯಾಸಕ್ಕೆ ಮಂಗಳ ಹಾಡಿಬಿಟ್ಟರು.

ಮೊನ್ನೆ ಆಪಾ ರಜೆಗೆ ಬಂದಳು. ಸ್ವಂತ ಪ್ರಯೋಗಾಲಯ ನಡೆಸುವ ಹುದ್ದೆಯೊಂದಕ್ಕೆ ಅರ್ಜಿ ಹಾಕಬೇಕಿತ್ತು. ಅದು ಸಿಗದಿದ್ದರೆ ಈಗಿನ ಕೆಲಸದ ಅವಧಿ ಮುಗಿದು, ಇಷ್ಟು ವರ್ಷಗಳ ಸಂಶೋಧನೆ ಅರ್ಧಕ್ಕೇ ನಿಲ್ಲುತ್ತದೆ. ಅರ್ಜಿಯ ಜೊತೆ ತನ್ನ ಅತ್ಯುತ್ತಮವಾದ ಐದು ಲೇಖನಗಳನ್ನು ಕಳಿಸಬೇಕು. ನಾನು ಹುಟ್ಟಿದ್ದೇ ಈ ಮುಹೂರ್ತಕ್ಕೆಂದು ಬಗೆದು, ಹೆಚ್ಚು ಉಲ್ಲೇಖವಾದ ಐದನ್ನು ಪಟ್ಟಿ ಮಾಡಿಕೊಂಡು ಅವರ ಮನೆಗೆ ನಡೆದೆ.

"ಬಂದ್ಳು ನೋಡ ನಮ್ಮ ಓಣಿ ಲೆಕ್ಕಾ ಬರಿಯೋ ತಲಾಟಿ!" ಎಂದು ನಕ್ಕ ಆಪಾ, ನನ್ನ ಆಯ್ಕೆಯ ಮೇಲೆ ಕಣ್ಣಾಡಿಸಿ ಕೊನೆಯದನ್ನು ಹೊಡೆದುಹಾಕಿದಳು. "ಇದನ್ನ ತಗಿ. ಆ ಎರಡ ಔಷಧದ್ದು ಹಾಕು. ಮ್ಯಾಲೇ ಹಾಕು."

ಅದು ಒಂದೂ ಉಲ್ಲೇಖವಿಲ್ಲದೆ ಸೊನ್ನೆ ಬಿದ್ದ ಲೇಖನ. ಎರಡು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ಕ್ಯಾನ್ಸರು ಸೋಲುತ್ತದೆಂದು ಹಲವರು ಆಸೆಪಟ್ಟಿದ್ದರು. ಆಪಾಳ ಪ್ರಯೋಗದಲ್ಲಿ ಅವು ರಕ್ತ ತಯಾರಿಸುವ ಒಳ್ಳೆಯ ಮಜ್ಜೆಯನ್ನೂ ಹಾಳುಮಾಡಿದವು. ಅವಳು ಅದನ್ನು ಇದ್ದಂತೆ ಪ್ರಕಟಿಸಿದಳು. ಆಮೇಲೆ ಆ ದಾರಿಯಲ್ಲಿ ಯಾರೂ ಹೋಗಲಿಲ್ಲ. ಹೋಗದವರು ದಾರಿಯ ಹೆಸರನ್ನು ಎಲ್ಲಿ ಬರೆಯುತ್ತಾರೆ?

ಒಳಗಿನಿಂದ ಅವಳ ತಾಯಿ, ನಮ್ಮ ಪಾಲಿನ ಖಾಲಾ, ಚಹಾದ ಬಸಿ ಹಿಡಿದೇ ಬಂದರು. "ಹೆಣ್ಣ ತೋರ್ಸುವಾಗ ಹರಕ ಸೀರಿ ಉಡಸ್ತಾರೇನ ಹುಚ್ಚಿ? ಚಲೋವು ಐದು ಕಳಸು."

"ಅಮ್ಮೀ, ಬಣ್ಣ ಕೆಟ್ಟ ಲಡಿನ ಅಬ್ಬಾ ಬಾಗಲಕ್ಕ ಯಾಕ ಕಟ್ಟತಿದ್ರು?"

ಆಪಾಳ ತಂದೆ, ತೀರಿಹೋದ ಚಾಚಾ ಅವರ ಆ ಪದ್ಧತಿ ಓಣಿಗೆಲ್ಲ ನೆನಪಿದೆ. ತೊಳೆದಾಗ ಬಣ್ಣ ಬಿಟ್ಟ ನೂಲಿನ ಲಡಿಯನ್ನು ಅವರು ಮುಚ್ಚಿಡದೆ ಬಾಗಿಲಿಗೆ ತೂಗಿಬಿಡುತ್ತಿದ್ದರು. ಅದನ್ನು ಕಂಡು ಬಣ್ಣ ಹಾಕುವ ಬೇರೆಯವರು ಆ ಬಣ್ಣದ ಪುಡಿ ಕೊಳ್ಳುತ್ತಿರಲಿಲ್ಲ.

"ಮತ್ತೊಬ್ಬರ ಸೀರಿ ಕೆಡಬಾರದಂತ," ಎಂದರು ಖಾಲಾ.

"ಹಂಗ ಉಳಕೊಂಡವರು ಒಬ್ಬರರ ಬಂದು ಅಬ್ಬಾಗ ಶಾಬಾಸ್ ಅಂದ್ರೇನು?"

"ಯಾಕ ಬರ್ತಾರ? ಅವರ ಸೀರಿ ಚಲೋನ ಇತ್ತಲ್ಲ!"

ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತೇನೋ, ಖಾಲಾ ಚಹಾದ ಬಸಿ ಕೆಳಗಿಟ್ಟರು. ಆಮೇಲೆ ಸಿಟ್ಟೆಲ್ಲ ನನ್ನ ಮೇಲೆ ತಿರುಗಿತು: "ನನ್ನ ಮಾರಿ ಏನ್ ನೋಡ್ತಿ? ಬರಿ. ಮ್ಯಾಲೇ ಬರಿ."

ಬರೆದೆ. ಅರ್ಜಿ ಹೋಯಿತು, ಆಪಾ ಮರಳಿದಳು, ಉತ್ತರವಿನ್ನೂ ಬಂದಿಲ್ಲ. ಎಲ್ಲೋ ಒಬ್ಬ ವೈದ್ಯ ಆ ಲೇಖನ ಓದಿ, ಎರಡನೆಯ ಔಷಧ ಬರೆಯದೆ ಪೆನ್ನು ಮುಚ್ಚಿರಬಹುದು; ಎಲ್ಲೋ ಒಂದು ಮಗು, ತನಗೇನು ತಪ್ಪಿತೆಂಬುದನ್ನೇ ಅರಿಯದೆ ಶಾಲೆಗೆ ಹೋಗುತ್ತಿರಬಹುದು. ಇದನ್ನು ಯಾವ ಅಂಕಿಯಲ್ಲಿ ಬರೆಯಬೇಕೋ ನನಗೆ ತಿಳಿಯದು. ಆಗದೇ ಉಳಿದ ಕೇಡನ್ನು ಎಣಿಸುವ ಬಗೆ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ನನಗೆ ಬರೆಯಿರಿ. ಆಯ್ಕೆ ಸಮಿತಿ ಕೂಡುವ ಮುನ್ನವೇ ಬರೆದರೆ ಇನ್ನೂ ಉಪಕಾರ.