ಉಸಿರಿಗೊಂದಿಷ್ಟು ಕೊಸರು

ಬೆಳಿಗ್ಗೆ ಹಾಲನ್ನು ಒಲೆಗಿಟ್ಟು, ಅದು ಉಕ್ಕುವ ಮೊದಲು ಅತ್ತೆಯ ಕೋಣೆಗೆ ಇಣುಕಿ, ಸಿಲಿಂಡರಿನ ನೀರುಬಾಟಲಿಯಲ್ಲಿ ಗುಳ್ಳೆ ಏಳುತ್ತಿದೆಯೇ ಎಂದು ನೋಡಿಬರುವುದು ಆ ದಿನಗಳಲ್ಲಿ ನನ್ನ ಸುಪ್ರಭಾತವಾಗಿತ್ತು. ಚಳ್ಳಕೆರೆಯ ನಮ್ಮ ಶೇಂಗಾ ಎಣ್ಣೆ ಮಿಲ್ಲಿನ ಧೂಳಿನಲ್ಲೇ ಮುಪ್ಪಾದ ಅತ್ತೆಗೆ ಉಸಿರಿನ ತೊಂದರೆ ಬಲಿತು, ಆಸ್ಪತ್ರೆಯಿಂದ ಮರಳುವಾಗ ಆಮ್ಲಜನಕದ ಸಿಲಿಂಡರೂ ಜೊತೆಗೆ ಬಂದಿತ್ತು. ಅಂದು ಗುಳ್ಳೆಗಳು ಸೋಮಾರಿಗಳಂತೆ ಕಂಡವು. ಪಾಪವೆನಿಸಿ, ಗಾಳಿ ಬಿಡುವ ತಿರುಪನ್ನು ಕೂದಲೆಳೆಯಷ್ಟು ಏರಿಸಿ, ಹಾಲು ಉಕ್ಕಿದ ವಾಸನೆಗೆ ಓಡಿದೆ.

ನಮ್ಮೂರಿನಲ್ಲಿ ಎಣ್ಣೆ ಅಳೆದ ಮೇಲೆ ಕೊಸರು ಹಾಕುವುದುಂಟು, ನಿಮಗೂ ಗೊತ್ತಲ್ಲ. ಅಳತೆ ವ್ಯಾಪಾರದ್ದು, ಮೇಲಿನ ಧಾರೆ ಪ್ರೀತಿಯದು, ಹಾಕದವನು ಜಿಪುಣ. ಹೀಗಾಗಿ ಮಿಲ್ಲಿಗೆ ಹೊರಟ ಯಜಮಾನರು 'ಅವ್ವಾ, ಬರ್ತೀನಿ' ಎನ್ನುತ್ತಾ ತಿರುಪಿಗೆ ತಮ್ಮ ಕೊಸರು ಹಾಕಿದರು. ತಾಯಿಯನ್ನು ನೋಡಲು ಮೊಳಕಾಲ್ಮುರಿನಿಂದ ಬಂದಿದ್ದ ನಾದಿನಿ, ಅತ್ತಿಗೆಯ ಕೈ ಬಿಗಿಯೆಂದುಕೊಂಡೋ ಏನೋ, ಮತ್ತಷ್ಟು ಹಾಕಿದಳು. ಯಾರೂ ಯಾರಿಗೂ ಹೇಳಲಿಲ್ಲ. ಪ್ರೀತಿಯನ್ನು ಡಂಗುರ ಸಾರಿ ಮಾಡುವ ವಾಡಿಕೆ ನಮ್ಮ ಮನೆಯಲ್ಲಿಲ್ಲ. ಮಧ್ಯಾಹ್ನ ಊಟಕ್ಕೆ ಎಬ್ಬಿಸಿದರೆ ಅತ್ತೆ ಕಣ್ಣೇ ಬಿಡಲಿಲ್ಲ.

ಫೋನು ಮಾಡಿದ ಕೂಡಲೇ ಬಂದ ಡಾಕ್ಟರು ಮೊದಲು ತಿರುಪನ್ನು ಇಳಿಸಿದರು. 'ಯಾರು ಮುಟ್ಟಿದ್ದು ಇದನ್ನ?' ಎಂದಾಗ, ಮಿಲ್ಲಿನಿಂದ ಓಡಿಬಂದಿದ್ದ ಯಜಮಾನರೂ ಸೇರಿ ನಾವು ಮೂವರೂ ಫ್ಯಾನನ್ನು ಅಪರೂಪದ ವಸ್ತುವೆಂಬಂತೆ ನೋಡಿದೆವು. ಸಂಜೆಯೊಳಗೆ ಚೇತರಿಸಿಕೊಳ್ಳದಿದ್ದರೆ ಚಿತ್ರದುರ್ಗದ ಆಸ್ಪತ್ರೆಗೆ ಒಯ್ಯಲೇಬೇಕೆಂದರು.

'ಎಣ್ಣೆ ಡಬ್ಬಿ ಯಾಕೆ ಬಾಯಿಮಟ ತುಂಬಿಸ್ತೀರಿ?' ಎಂದು ಡಾಕ್ಟರು ಯಜಮಾನರತ್ತ ತಿರುಗಿದರು.

'ಗಾಳಿ ಉಳಿದ್ರೆ ಕಮಟು ಬರ್ತೈತೆ ಸಾರ್,' ಯಜಮಾನರ ದನಿ ತಗ್ಗಿತ್ತು.

ಇಂಥ ಶ್ವಾಸಕೋಶಕ್ಕೆ ಆಮ್ಲಜನಕ ಮಿತಿಮೀರಿದರೆ ಕೆಟ್ಟ ಗಾಳಿ ಒಳಗೇ ಉಳಿದು ಮಂಪರು ಕವಿಯುತ್ತದಂತೆ. ಅದು ಸಾಲದೆಂಬಂತೆ, ಬದುಕಿಸುವ ಪ್ರಾಣವಾಯುವೇ ಎಣ್ಣೆಯನ್ನು ಕೆಡಿಸುವ ಹಾಗೆ ಮೈಯನ್ನೂ ಒಳಗೊಳಗೇ ಕೆಡಿಸುತ್ತದಂತೆ. ತಡೆಯಲು ದೇಹದಲ್ಲೇ ಕಾವಲುಗಾರರಿದ್ದಾರೆ. ಹರೆಯದಲ್ಲಿ ಆಮ್ಲಜನಕ ಏರಲಿ, ಇಳಿಯಲಿ, ದಡಬಡನೆ ಎದ್ದು ನಿಲ್ಲುವ ಅವರು, ವಯಸ್ಸಾದಂತೆ ಮಂಡಿ ಹಿಡಿದುಕೊಂಡು, 'ಬಂದೆ ಇರಪ್ಪ' ಎನ್ನುತ್ತಾ ಏಳುತ್ತಾರೆ. ಅಷ್ಟರಲ್ಲಿ ಕಳ್ಳ ಒಳಹೊಕ್ಕಿರುತ್ತಾನೆ.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಆಮ್ಲಜನಕದ ಜಾಡಿಗೆ ಮೇಣದಬತ್ತಿ ಇಳಿಸಿದಾಗ ಅದು ಝಗ್ಗನೆ ಬೆಳಗಿದ್ದಕ್ಕೆ ನಾವು ಚಪ್ಪಾಳೆ ತಟ್ಟಿದ್ದೆವು. ಮೇಣ ಎಷ್ಟು ಬೇಗ ಕರಗಿತೆಂದು ನೋಡುವ ವ್ಯವಧಾನ ಆ ವಯಸ್ಸಿನಲ್ಲಿ ಯಾರಿಗಿತ್ತು? ಮುಪ್ಪಿನ ಜೀವಕ್ಕೆ ಧಾರಾಳಕ್ಕಿಂತ ಹದವೇ ಹಿತವೇನೋ ಎಂದುಕೊಳ್ಳುತ್ತಾ, ಮತ್ತೆ ತಿರುಪಿನತ್ತ ಹೋಗದಂತೆ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅತ್ತೆಯ ಕಾಲಬಳಿ ಕುಳಿತೆ.

ದೀಪ ಹಚ್ಚುವ ಹೊತ್ತಿಗೆ ರೆಪ್ಪೆ ಅಲುಗಿತು. ನಾಲ್ಕು ಚಮಚ ಸಾರು ಕುಡಿಸಿದ್ದೇ ತಡ, ಅತ್ತೆ ಮುಖ ಸಿಂಡರಿಸಿ, ಉಸಿರಿಗೊಂದು ಪದದಂತೆ, 'ಉಪ್ಪು... ಎಲ್ಲೈತೆ... ಇದ್ರಾಗೆ? ಕಾನ್ವೆಂಟಾಗೆ... ಇದನ್ನೂ... ಕಲಿಸ್ಲಿಲ್ಲೇನೇ?' ಎಂದರು. ನಾದಿನಿ ಅತ್ತೇಬಿಟ್ಟಳು, ಯಜಮಾನರು ಕನ್ನಡಕ ಒರೆಸಿಕೊಂಡರು.

ಪಕ್ಕದ ಮನೆಯ ಲಾರಿ ಮೆಕ್ಯಾನಿಕನ ಹೆಂಡತಿ ಖೈರುನ್ ಸುದ್ದಿ ಕೇಳಿ ಬಂದು ನಮ್ಮ ಹೊಸ್ತಿಲಲ್ಲಿ ಕುಳಿತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದವಳು, ತಲೆಯನ್ನೂ ಎತ್ತದೆ ಅಂದಳು:

'ಸೊಸೀನ ಬೈಯೋವಷ್ಟು ಉಸಿರೈತಲ್ಲ, ಸಾಕ್ಬಿಡ್ರಿ ಅಕ್ಕಾ. ಹೋಗಿ ಉಪ್ಪು ತಗಂಬರ್ರಿ.'