ತಪ್ಪಾದರೆ ನಿಂತುಬಿಡುವ ಡ್ರೈವರ್

ನನ್ನ ಶೆಡ್ಡಿನ ಬಾಗಿಲ ಪಕ್ಕ, ಒಳಗೆ ಬರುವವರ ಕಣ್ಣಿಗೆ ರಾಚುವಂತೆ, ಒಂದು ಕಬ್ಬಿಣದ ಹ್ಯಾಂಡಲನ್ನು ಮೊಳೆಗೆ ನೇತುಹಾಕಿದ್ದೇನೆ. ಲೋಹ ಕೊರೆಯುವ ಮಿಲ್ಲಿಂಗ್ ಮಷೀನಿನ ಟೇಬಲ್ಲನ್ನು ಆಚೀಚೆ ಸರಿಸಲು ಕೈಯಿಂದ ತಿರುಗಿಸುತ್ತಿದ್ದ ಹ್ಯಾಂಡಲ್ ಅದು. ಈಗ ಅದಕ್ಕೆ ಕೆಲಸವಿಲ್ಲ. ಆದರೂ ಆಗಾಗ ಎಣ್ಣೆ ಬಟ್ಟೆಯಲ್ಲಿ ಒರೆಸಿ ಹೊಳೆಯುವಂತೆ ಇಟ್ಟಿದ್ದೇನೆ. ಒಬ್ಬನ ಕಣ್ಣಿಗೆ ಬೀಳಲೆಂದೇ ಅಲ್ಲಿ ಹಾಕಿದ್ದು. ಬಿದ್ದೂ ಆಯಿತು.

ಆ ಒಬ್ಬ ನನ್ನ ಹೆಂಡತಿಯ ತಮ್ಮ. ನಾನು ಏಳನೆಯ ಕ್ಲಾಸಿಗೆ ಸ್ಕೂಲು ಬಿಟ್ಟು ಪೀಣ್ಯದ ಕಾರ್ಖಾನೆ ಸೇರಿದವನು. ಅವನು ಹತ್ತನೆಯದು ಫೇಲಾಗಿ ನನ್ನ ಹತ್ತಿರ ಬಂದವನು. ಸ್ಪ್ಯಾನರ್ ಹಿಡಿಯುವುದರಿಂದ ಹಿಡಿದು ಗಿರಾಕಿಯ ಮುಂದೆ ಹೇಗೆ ನಿಲ್ಲಬೇಕು ಎನ್ನುವವರೆಗೆ ಕಲಿಸಿದ್ದು ನಾನು. ಆಮೇಲೆ ಇಬ್ಬರೂ ಸೇರಿ ಶೆಡ್ಡು ನಡೆಸಿದೆವು. ಪಂಪು ತಯಾರಿಸುವ ಒಂದು ಕಂಪನಿಗೆ ತೂತು ಕೊರೆದ ಉಕ್ಕಿನ ಪ್ಲೇಟುಗಳನ್ನು ಮಾಡಿಕೊಡುವುದೇ ನಮ್ಮ ದೊಡ್ಡ ಕೆಲಸ. ಆ ಗಿರಾಕಿಯನ್ನು ಹುಡುಕಿ ತಂದವನೂ ನಾನೇ.

ಒಂದು ಭಾನುವಾರ ಬಾಗಲಗುಂಟೆಯ ಮಾವನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಅವನು ಬೇರೆಯಾಗುತ್ತೇನೆ ಎಂದ. ದೊಡ್ಡ ಮಷೀನು ತನಗೆ, ಪ್ಲೇಟಿನ ಕೆಲಸವೂ ತನಗೆ. ಗಿರಾಕಿಯ ಜೊತೆ ಆಗಲೇ ಮಾತಾಡಿಯಾಗಿದೆ. ಮಷೀನಿಗೆ ಮೋಟಾರು ಕೂರಿಸಿ, ಕಂಪ್ಯೂಟರಿನ ಮಾತಿನಂತೆ ಓಡುವ ಸಿಎನ್‌ಸಿ ಮಾಡಿಸುತ್ತಾನಂತೆ.

"ಅದನ್ನ ಇಬ್ರೂ ಸೇರೇ ಮಾಡ್ಬಹುದಲ್ಲೋ" ಎಂದೆ.

"ಬೇಡ ಬಿಡಿ ಭಾವ, ಕಂಪ್ಯೂಟರ್ ಸಹವಾಸ ನಿಮಗಾಗಲ್ಲ. ನೀವು ಹ್ಯಾಂಡಲ್ ತಿರುಗ್ಸೋಕೇ ಹುಟ್ಟಿರೋರು. ಚಿಕ್ಕ ಮಷೀನ್ ಇದೆಯಲ್ಲ, ತಿರುಗಿಸ್ಕೊಂಡಿರಿ."

ನಗುತ್ತಲೇ ಹೇಳಿದ. ಮಾವ ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು, ಕೈಗೆಲಸದ ಬೆಲೆ ಬಲ್ಲವರು. ಅವರೂ ಸಾರಿನಿಂದ ಕರಿಬೇವು ಎತ್ತಿ ತಟ್ಟೆಯ ಅಂಚಿಗೆ ಇಡುತ್ತಾ ಕೂತರು. ನಾನು ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದೆ. ಆ ಗಿರಾಕಿ ಮತ್ತೆ ನನ್ನ ಬಾಗಿಲಿಗೆ ಬರಬೇಕು, ಅವನ ಹಿಂದೆ ಇವನೂ ಬರಬೇಕು ಎಂದು ಕೈ ತೊಳೆಯುವಾಗಲೇ ತೀರ್ಮಾನಿಸಿದೆ.

ಅವನು ನಮ್ಮದೇ ಬೀದಿಯ ಆ ತುದಿಯಲ್ಲಿ ಶೆಡ್ಡು ಮಾಡಿ, ಯಾರನ್ನೋ ಕರೆಸಿ, ಅವಸರದಲ್ಲಿ ಮಷೀನು ಮಾರ್ಪಡಿಸಿಕೊಂಡ. ನಾನು ಅವಸರ ಮಾಡಲಿಲ್ಲ. ಸಿಟ್ಟನ್ನು ಕಾಯಿಸುತ್ತಾ, ನನ್ನ ಪಾಲಿಗೆ ಉಳಿದ ಚಿಕ್ಕ ಮಷೀನಿಗೂ ಮೋಟಾರು ಕೂರಿಸಲು ಹೊರಟೆ.

ಸ್ಟೆಪ್ಪರ್ ಮೋಟಾರು ಸಣ್ಣ ಸಣ್ಣ ಹೆಜ್ಜೆಯಿಟ್ಟು ತಿರುಗುವಂಥದ್ದು. ಯಾವ ಕಡೆಗೆ, ಎಷ್ಟು ಹೆಜ್ಜೆ ಎಂದು ಕಂಪ್ಯೂಟರು ಹೇಳುತ್ತದೆ. ಆ ಮಾತು ಕೇಳಿ ಮೋಟಾರಿಗೆ ಕರೆಂಟು ಅಳೆದು ಕೊಡುವ ಅಂಗೈಯಗಲದ ಪೆಟ್ಟಿಗೆಯೇ ಡ್ರೈವರ್. ಮೋಟಾರು ಸುಮಾರಾಗಿದ್ದರೂ ಹೇಗೋ ನಡೆದೀತು. ಮರ್ಯಾದೆ ಉಳಿಯುವುದೂ ಹೋಗುವುದೂ ಡ್ರೈವರಿನಲ್ಲಿ.

ಪೇಟೆಯ ಅಂಗಡಿಯವನು ಒಂದನ್ನು ಮುಂದಿಟ್ಟ. "ಎಲ್ಲಾ ಇದನ್ನೇ ತಗೊಂಡ್ಹೋಗ್ತಾರೆ ಅಣ್ಣ. ಕಣ್ಮುಚ್ಕೊಂಡು ಹಾಕಿ."

"ಕಣ್ಮುಚ್ಕೊಂಡು ಹಾಕೋಕೆ ಇದೇನು ಕಷಾಯಾನಾ?" ಎಂದೆ. ಆದರೂ ತಂದೆ, ಪರೀಕ್ಷೆ ಮಾಡಲು.

ನನ್ನ ಪರೀಕ್ಷೆ ಸರಳ. ಮೇಲೆ, ಕೊರೆಯುವ ಬೈರಿಗೆಯ ಜಾಗದಲ್ಲಿ ಒಂದು ಪೆನ್ನು ಕಟ್ಟಿ, ಟೇಬಲ್ಲಿನ ಮೇಲೆ ಕಾಗದ ಅಂಟಿಸಿ, ಒಂದು ಚುಕ್ಕಿ ಇಡಿಸುವುದು. ಆಮೇಲೆ ಟೇಬಲ್ಲನ್ನು ತುದಿಯಿಂದ ತುದಿಗೆ ಓಡಾಡಿಸಿ, ಮರಳಿ ತಂದು ಅದೇ ಚುಕ್ಕಿಯ ಮೇಲೆ ಚುಕ್ಕಿ ಇಡಿಸುವುದು. ಬೆಳಗ್ಗೆಯೆಲ್ಲ ಸರಿಯಾಗಿಯೇ ಇಟ್ಟಿತು. ಮಧ್ಯಾಹ್ನ ತಗಡಿನ ಸೂರು ಕಾದು ಪೆಟ್ಟಿಗೆ ಮುಟ್ಟಲಾಗದಷ್ಟು ಬಿಸಿಯಾದಾಗ ಚುಕ್ಕಿಯ ಪಕ್ಕ ಇನ್ನೊಂದು ಚುಕ್ಕಿ ಹುಟ್ಟಿತು. ಆಗ ಬೇಕೆಂದೇ ಟೇಬಲ್ಲಿಗೆ ಮರದ ತುಂಡು ಅಡ್ಡ ಕೊಟ್ಟೆ. ಮೋಟಾರು ಗರ್‌ರ್ ಎಂದು ಒದ್ದಾಡಿ, ತುಂಡು ತೆಗೆದೊಡನೆ ಏನೂ ಆಗಿಲ್ಲವೆನ್ನುವ ಹಾಗೆ ಮುಂದೆ ಹೋಯಿತು. ಇಡಲಾಗದ ಹೆಜ್ಜೆಗಳನ್ನೂ ಇಟ್ಟೆನೆಂದೇ ಲೆಕ್ಕ! ಪೆನ್ನು ಒಂದು ಬೆರಳು ದೂರದಲ್ಲಿ ಇಳಿದಿದ್ದರೂ ಕಂಪ್ಯೂಟರಿನ ಪರದೆ ಎಲ್ಲ ಸರಿಯಿದೆ ಎನ್ನುತ್ತಿತ್ತು. ಗಿರಾಕಿಯ ಜೊತೆ ಒಳಗೊಳಗೇ ಮಾತು ಮುಗಿಸಿಕೊಂಡು ಬಂದು, ನನ್ನ ಪಕ್ಕ ಕೂತು ಬನ್ನು ಅದ್ದಿಕೊಂಡು ಟೀ ಕುಡಿಯುತ್ತಿದ್ದ ಭಾಮೈದನ ಮುಖ ನೆನಪಾಯಿತು.

ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಕ್ಲೋಸ್ಡ್ ಲೂಪ್ ಎನ್ನುವ ಜಾತಿಯದು. ಮೋಟಾರಿನ ಬೆನ್ನಿಗೆ ಒಂದು ಕಣ್ಣು ಇರುತ್ತದೆ. ಹೆಜ್ಜೆ ನಿಜವಾಗಿ ಬಿತ್ತೇ ಎಂದು ಅದು ನೋಡಿ ಡ್ರೈವರಿಗೆ ತಿಳಿಸುತ್ತದೆ. ತಪ್ಪಿದರೆ ಡ್ರೈವರ್ ಕೆಂಪು ದೀಪ ಹಚ್ಚಿ ನಿಂತುಬಿಡುತ್ತದೆ. ಮರದ ತುಂಡು ಅಡ್ಡ ಕೊಟ್ಟೆ. ನಿಂತಿತು. ಮಧ್ಯಾಹ್ನದ ಸೆಕೆಯಲ್ಲಿ ಓಡಿಸಿದೆ. ಚುಕ್ಕಿಯ ಮೇಲೆ ಚುಕ್ಕಿ.

ಬೆಲೆ ಕೇಳಿ ಹೆಂಡತಿ, "ಯಾರ ಮೇಲಿನ ಸಿಟ್ಟಿಗೆ ಇಷ್ಟು ದುಬಾರಿ ಸಾಮಾನು?" ಎಂದಳು.

"ನಿನ್ನ ತಮ್ಮನ ಮೇಲಿಂದು."

"ಹಾಗಾದ್ರೆ ಒಳ್ಳೇದೇ ತಗೊಳ್ಳಿ. ಅರ್ಧಕ್ಕೆ ಕೆಟ್ಟೋಗ್ಬಾರ್ದು" ಎಂದು ಒಳಗೆ ಹೋದಳು.

ಆಯುಧಪೂಜೆಯ ದಿನ ಮನೆಯವರೆಲ್ಲ ಎರಡೂ ಶೆಡ್ಡಿಗೆ ಬರುವುದೆಂದಾಯಿತು. ಮೊದಲು ನನ್ನದು. ಅತ್ತೆ ಮಷೀನಿಗೆ ಅರಿಶಿನ ಕುಂಕುಮ ಹಚ್ಚಿ, ಟೇಬಲ್ಲಿನ ಸುತ್ತ ಚೆಂಡುಹೂವಿನ ಹಾರವನ್ನು ಧಾರಾಳವಾಗಿ ಇಳಿಬಿಟ್ಟರು. ಮಂಗಳಾರತಿಯಾಗಿ, ಹೊರಗೆ ಬೂದುಗುಂಬಳ ಒಡೆದು, ಪದ್ಧತಿಯಂತೆ ಮಷೀನನ್ನು ಒಂದು ಸುತ್ತು ಓಡಿಸಬೇಕು. ಗುಂಡಿ ಒತ್ತಿದೆ. ಟೇಬಲ್ಲು ಒಂದು ಗೇಣು ಸರಿದು ನಿಂತೇಬಿಟ್ಟಿತು. ಕೆಂಪು ದೀಪ.

"ಅಯ್ಯೋ, ಹ್ಯಾಂಡಲ್ ಎಲ್ಲಿಟ್ರಿ ಭಾವ? ತಗೊಂಡ್ ಬನ್ನಿ, ನಾನೇ ತಿರುಗಿಸ್ತೀನಿ" ಎಂದ ಭಾಮೈದ. ಎಲ್ಲರೂ ನಕ್ಕರು. ಮಾವ ಕೂಡ.

ಬಗ್ಗಿ ನೋಡಿದೆ. ಟೇಬಲ್ಲಿನ ಅಡಿಯಲ್ಲಿ ಅದನ್ನು ಸರಿಸುವ ಉದ್ದನೆಯ ಸ್ಕ್ರೂಗೆ ಹಾರದ ದಾರ ಸುತ್ತಿಕೊಂಡು ಹೂವು ಅರೆದುಹೋಗಿತ್ತು. ಕತ್ತರಿಸಿ ಬಿಡಿಸಿ ಒರೆಸಿ ಮತ್ತೆ ಓಡಿಸಿದೆ. ಸರಾಗವಾಗಿ ಓಡಿತು. ಅಷ್ಟರಲ್ಲಿ ಯಾರೂ ನೋಡುತ್ತಿರಲಿಲ್ಲ, ಅವನ ಶೆಡ್ಡಿಗೆ ಹೊರಟಿದ್ದರು.

ಅಲ್ಲಿಯೂ ಅದೇ ಅತ್ತೆ, ಅದೇ ಹಾರ. ಅವನು ಗುಂಡಿ ಒತ್ತಿದ. ಒಳಗೆಲ್ಲೋ ಗರ್‌ರ್ ಎಂದಿತು. ಆದರೆ ಟೇಬಲ್ಲು ನಿಲ್ಲಲಿಲ್ಲ, ಒದ್ದಾಡಿ ಮುಂದೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸದ್ದು ಏನೆಂದು ಅಲ್ಲಿದ್ದವರಲ್ಲಿ ಪೇಟೆಯ ಅದೇ ಡ್ರೈವರಿಗೆ ಮರದ ತುಂಡು ಕೊಟ್ಟು ನೋಡಿದ್ದ ನನಗೆ ಮಾತ್ರ ಗೊತ್ತಿತ್ತು. ದಾರ ಸ್ಕ್ರೂನಲ್ಲೇ ಉಳಿದಿದೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹ್ಯಾಂಡಲ್ ತಿರುಗಿಸುವುದಷ್ಟೇ ನನ್ನ ಕೆಲಸ ಎಂದವನು ಅವನೇ ಅಲ್ಲವೆ? ಕೊಟ್ಟ ಕಡ್ಲೆಪುರಿಯನ್ನು ಬೊಗಸೆಯಿಂದ ಬಾಯಿಗೆ ಹಾಕಿಕೊಂಡೆ. ಅಷ್ಟು ರುಚಿಯಾದ ಕಡ್ಲೆಪುರಿ ಮತ್ತೆ ತಿಂದಿಲ್ಲ.

ಹಬ್ಬ ಕಳೆದ ಮೇಲೆ ಅವನು ಮಾಡಿ ಕಳಿಸಿದ ಪ್ಲೇಟುಗಳಲ್ಲಿ ಒಂದರ ತೂತು ಇದ್ದ ಜಾಗದಲ್ಲಿ ಇನ್ನೊಂದರದು ಇರಲಿಲ್ಲ. ಲೋಡು ಪೂರ್ತಿ ವಾಪಸ್ಸು. ಮಷೀನು ಮಾತ್ರ ಎಲ್ಲ ಸರಿಯಿದೆ ಎನ್ನುತ್ತಲೇ ಇತ್ತು. ಅವನೂ ಅದನ್ನೇ ನಂಬಿಕೊಂಡು ಇನ್ನೊಂದು ಲೋಡು ಮಾಡಿ ಕಳಿಸಿದ. ಅದೂ ವಾಪಸ್ಸು ಬಂತು. ಆಮೇಲೆ ಕಂಪನಿಯವರು ನನ್ನ ಶೆಡ್ಡಿಗೆ ಬಂದರು. ನಾನು ಅವರನ್ನು ಕೂರಿಸಿ, ಪೆನ್ನು ಕಟ್ಟಿ, ಚುಕ್ಕಿಯ ಮೇಲೆ ಚುಕ್ಕಿ ಇಡಿಸಿ ತೋರಿಸಿದೆ. ಪ್ಲೇಟಿನ ಕೆಲಸ ಮನೆಗೆ ಬಂತು. ಅವತ್ತೇ ಹ್ಯಾಂಡಲನ್ನು ಬಾಗಿಲ ಪಕ್ಕ ನೇತುಹಾಕಿದೆ.

ಭಾಮೈದ ಬಂದಾಗ ಬಾಗಿಲಲ್ಲೇ ಹ್ಯಾಂಡಲ್ ಕಂಡು ಮುಖ ತಿರುಗಿಸಿದ.

"ಭಾವ, ಯಾವ ಡ್ರೈವರ್ ಹಾಕಿದ್ದೀರಿ?"

"ಇಲ್ಲಿ ಕೇಳ್ಬೇಡಪ್ಪ. ಭಾನುವಾರ ನಿಮ್ಮ ಮನೇಲಿ, ಊಟಕ್ಕೆ ಕೂತಾಗ ಕೇಳು."

"ಅಪ್ಪನ ಮುಂದೇನಾ?"

"ಹ್ಯಾಂಡಲ್ ಮಾತು ಅಂದಿದ್ದು ಎಲ್ಲಿ?"

ಕೇಳಿದ. ತಲೆ ತಗ್ಗಿಸಿಕೊಂಡು, ಅಕ್ಕ, ಅಪ್ಪ, ಅಮ್ಮ ಎಲ್ಲರ ಮುಂದೆ ಕೇಳಿದ. ನಾನು ಏನೂ ಮುಚ್ಚಿಡಲಿಲ್ಲ. ಡ್ರೈವರು, ಪೆನ್ನು, ಮರದ ತುಂಡು, ಸ್ಕ್ರೂನಲ್ಲಿರುವ ದಾರ, ಎಲ್ಲ ಹೇಳಿದೆ.

"ಹಬ್ಬದ ದಿನವೇ ಗೊತ್ತಿತ್ತಾ?" ಎಂದರು ಮಾವ.

"ಗೊತ್ತಿತ್ತು ಮಾವ" ಎಂದು ಅವರ ಕಣ್ಣನ್ನೇ ನೋಡಿದೆ. ಅವರು ಕರಿಬೇವಿಗಾಗಿ ತಟ್ಟೆಯಲ್ಲಿ ಹುಡುಕಿದರು. ನಾನು ಎರಡು ಸಲ ಮಜ್ಜಿಗೆ ಹಾಕಿಸಿಕೊಂಡೆ.

ಅವನೂ ಈಗ ಅದೇ ಡ್ರೈವರ್ ಹಾಕಿಕೊಂಡಿದ್ದಾನೆ. ಬೇರೆ ಕೆಲಸ ಹಿಡಿದಿದ್ದಾನೆ. ಪ್ಲೇಟಿನದನ್ನು ನಾನು ಬಿಟ್ಟುಕೊಟ್ಟಿಲ್ಲ, ಕೊಡುವುದೂ ಇಲ್ಲ. ಅವನ ಮಷೀನಿನಲ್ಲಿ ಕೆಂಪು ದೀಪ ಹತ್ತಿದಾಗಲೆಲ್ಲ ನನಗೆ ಫೋನು ಮಾಡುತ್ತಾನೆ. ಒಂದು ಸಲ ಪೂರ್ತಿ ಹೊಡೆದುಕೊಳ್ಳಲು ಬಿಡುತ್ತೇನೆ. ಮತ್ತೆ ಮಾಡಿದಾಗ ಎತ್ತುತ್ತೇನೆ.