ಮೊಣಕೈ ಎತ್ತರದ ಮೇಜು

ನನ್ನ ಮಾವ ಬದುಕಿಡೀ ಅಡುಗೆಮನೆಯ ಕಟ್ಟೆ ಕೂರಿಸಿದವರು. ದಪ್ಪ ಪ್ಲೈವುಡ್ಡಿಗೆ ಮೈಕಾ ಅಂಟಿಸಿದ ಉದ್ದನೆಯ ಹಲಗೆ, ಅದರಲ್ಲಿ ಒಲೆಗಿಷ್ಟು ಜಾಗ, ಸಿಂಕಿಗಿಷ್ಟು ಜಾಗ. ಎಷ್ಟೋ ಮನೆಗಳಲ್ಲಿ ಹಿತ್ತಿಲ ಬಾಗಿಲಿನಿಂದ ಹೋಗಿ ಹಿತ್ತಿಲ ಬಾಗಿಲಿನಿಂದಲೇ ಬಂದವರು. “ಎಲ್ಲರ ಮನೆ ಸಿಂಕೂ ನನಗೆ ಗೊತ್ತು, ಒಬ್ಬರ ಮನೆ ಸೋಫಾನೂ ಗೊತ್ತಿಲ್ಲ” ಎಂದು ನಗುತ್ತಿದ್ದರು.

ಅವರ ಅಳತೆಯ ಕ್ರಮ ಒಂದೇ. ಅಡುಗೆ ಮಾಡುವವರನ್ನು ಕರೆದು ನೆಟ್ಟಗೆ ನಿಲ್ಲಿಸಿ “ಮೊಣಕೈ ಮಡಚಿ ತಾಯಿ” ಎನ್ನುವುದು, ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಗೋಡೆಯ ಮೇಲೆ ಗೀಟು ಎಳೆಯುವುದು. ಕಟ್ಟೆಯ ಎತ್ತರ ಅಲ್ಲಿಗೆ ತೀರ್ಮಾನ. ಬಲಗೈ ನಡುಗತೊಡಗಿದ ಮೇಲೆ ಗೀಟು ಮಾತ್ರ ಅವರದು. ಕತ್ತರಿಸುವುದು ಮಗನದು, ಅಂದರೆ ನನ್ನ ಗಂಡನದು. ಮಾವ ಗುರುತು ಹಾಕಿ, ತಿರುಗಿಯೂ ನೋಡದೆ ಗರಗಸವನ್ನು ಹಿಂದಕ್ಕೆ ಚಾಚಿ “ಹಿಡಿಯೋ ಮರಿ” ಎನ್ನುವರು. ಇವರು ಹಿಡಿಯುವರು. ಅಪ್ಪ ಮಗ ಇಡೀ ದಿನ ಆಡುತ್ತಿದ್ದ ಮಾತು ಹೆಚ್ಚುಕಮ್ಮಿ ಅಷ್ಟೇ.

ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ಇವರಿಗೆ ದಾರಿಯಲ್ಲೇ ಎದೆನೋವು ಬಂತು. ಆಸ್ಪತ್ರೆಯ ಬಾಗಿಲವರೆಗೂ ಜೀವ ಉಳಿಯಲಿಲ್ಲ.

ನನ್ನನ್ನೂ ಮಗಳನ್ನೂ ತನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಅಣ್ಣ ಹಟ ಹಿಡಿದ. ನಾನು ಜಗ್ಗಲಿಲ್ಲ. ಮನೆಯಲ್ಲೇ ಕೂತು ಪ್ರೂಫ್ ತಿದ್ದುವ ಕೆಲಸ ಕೊಡಲು ಒಂದು ಪ್ರೆಸ್ಸಿನವರು ಒಪ್ಪಿದ್ದರು. ಹಾಳೆ ಹರಡಲು ಜಾಗ ಬೇಕು, ಮಗಳು ಪಕ್ಕದಲ್ಲೇ ಕೂತು ಅಕ್ಷರ ಕಲಿಯಬೇಕು. ಒಂದು ಉದ್ದನೆಯ ಮೇಜಾದರೆ ನಾವು ಇಲ್ಲೇ ಉಳಿಯಬಹುದಿತ್ತು. ಮಾವನಿಗೂ ಮಗನ ಕುಡಿಯೆಂದು ಮೊಮ್ಮಗಳೊಬ್ಬಳೇ ಉಳಿದಿದ್ದಳು.

“ಅಂಗಡಿ ಮೇಜಿನ ಬೆಲೆ ಕೇಳಿದ್ರೆ ತಲೆ ತಿರುಗುತ್ತೆ ಮಾವ.”

“ಅಂಗಡೀದು ಯಾಕಮ್ಮ? ಕಟ್ಟೆ ಹಲಗೆ ಇದೆಯಲ್ಲ. ಕುದಿಯೋ ಪಾತ್ರೆ ಇಟ್ರೂ ತಡ್ಕೊಳ್ಳುತ್ತೆ. ನಿನ್ನ ಕಾಗದದ ಭಾರ ತಡ್ಕೊಳ್ಳಲ್ವಾ?”

ಯಾರೋ ಹೇಳಿ ಮಾಡಿಸಿ, ಬಣ್ಣ ಹಿಡಿಸಲಿಲ್ಲವೆಂದು ಬಿಟ್ಟುಹೋಗಿದ್ದ ಬೂದು ಬಣ್ಣದ ಹಲಗೆಯೊಂದು ಮಾವನ ಕೆಲಸದ ಶೆಡ್ಡಿನ ಗೋಡೆಗೆ ಒರಗಿ ನಿಂತಿತ್ತು. ಅದನ್ನು ಗಾಡಿಯಲ್ಲಿ ಹಾಕಿಸಿಕೊಂಡು ಬಂದರು. ಆಮೇಲೆ ನನ್ನನ್ನು ಕರೆದು, “ನಿಲ್ಲಮ್ಮ, ಮೊಣಕೈ ಮಡಚು” ಎಂದರು. ನಾನೂ ನಿಂತೆ, ಮಡಚಿದೆ. ಇಬ್ಬರಿಗೂ ಏನೂ ಹೊಳೆಯಲಿಲ್ಲ. ಮರದ ಕಾಲುಗಳನ್ನು ಅದೇ ಅಳತೆಗೆ ಮರದಂಗಡಿಯಲ್ಲೇ ಕೊಯ್ಯಿಸಿ ತಂದು, ಒಂದೊಂದೇ ಸ್ಕ್ರೂ ಬಿಗಿದು ಮುಗಿಸಿದ ದಿನವೇ ಅಣ್ಣ ಬಂದ.

ಮಗಳು ಓಡಿಹೋಗಿ ಮೇಜಿನ ಮುಂದೆ ನಿಂತಳು. ಹಲಗೆ ಅವಳ ಹಣೆಯ ಮಟ್ಟಕ್ಕಿತ್ತು. “ತಾತ, ಮೇಲೇನಿದೆ ಅಂತಾನೇ ಕಾಣಲ್ಲ!”

ಅಣ್ಣ ನಕ್ಕುಬಿಟ್ಟ. “ಇದೇನು ಮಾವ, ಇವಳು ಇದರ ಮೇಲೆ ಪ್ರೂಫ್ ತಿದ್ದಬೇಕಾ, ತರಕಾರಿ ಹೆಚ್ಚಬೇಕಾ?”

ಮಾವನಿಗೂ ನಗು ಬಂತು. “ಏನ್ಮಾಡೋದು ಬೀಗರೇ, ಕೂತ್ಕೊಳ್ಳೋ ಹೆಂಗಸರಿಗೆ ನಾನು ಯಾವತ್ತು ಅಳತೆ ತಗೊಂಡಿದ್ದೀನಿ?” ಎಂದು ಹಣೆ ಚಚ್ಚಿಕೊಂಡರು. “ಕಾಲು ಕತ್ತರಿಸಿದ್ರಾಯ್ತು, ಒಂದು ಗಳಿಗೆ ಕೆಲಸ.”

ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮತ್ತೆ ಅಳೆದರು. ನೆಲಕ್ಕೆ ಕೂತು ಒಂದೊಂದು ಕಾಲಿಗೂ ಗೀಟು ಎಳೆದರು. ಆಮೇಲೆ ಗರಗಸ ಎತ್ತಿ, ತಿರುಗದೆ, ಹಿಂದಕ್ಕೆ ಚಾಚಿದರು.

“ಹಿಡಿಯೋ ಮರಿ.”

ಯಾರೂ ಹಿಡಿಯಲಿಲ್ಲ. ಅಣ್ಣ ನನ್ನ ಮುಖ ನೋಡಿದ.

“ಹಿಡಿಯೋ” ಎಂದು ಮಾವ ಮತ್ತೆ ಅಂದರು.

ಮಗಳು ಹತ್ತಿರ ಹೋಗಿ ಅವರ ಭುಜ ಮುಟ್ಟಿದಳು. “ತಾತ, ಅಪ್ಪ ಇಲ್ಲ.”

ಮಾವ ಗರಗಸವನ್ನು ಸದ್ದಾಗದಂತೆ ನೆಲದ ಮೇಲಿಟ್ಟರು. ಅಣ್ಣನೇ ಕಾಲುಗಳನ್ನು ಕತ್ತರಿಸಿದ. ಎತ್ತರ ಸರಿಹೋಯಿತು.

ಇನ್ನೇನು, ಉಳಿದೆವು ಎಂದುಕೊಂಡೆ. ಊಟವಾದ ಮೇಲೆ ಮಾವ ನನ್ನನ್ನು ಕರೆದರು.

“ನೀನು ಅಣ್ಣನ ಜೊತೆ ಹೋಗಮ್ಮ.”

“ಮೇಜು ಆಯ್ತಲ್ಲ ಮಾವ. ನಾಡಿದ್ದಿನಿಂದ ಪ್ರೂಫ್ ಬರುತ್ತೆ.”

“ಮೇಜಿನ ಮಾತಲ್ಲ. ನನ್ನ ಬಾಯಿ ನನ್ನ ಕೈಲಿಲ್ಲ. ಇವತ್ತು ಕರೆದೆ, ನಾಳೇನೂ ಕರೀತೀನಿ. ಪ್ರತಿ ಸಲ ಆ ಮಗು ಬಂದು, ಅಪ್ಪ ಇಲ್ಲ ತಾತ, ಅಂತ ನನಗೆ ಹೇಳ್ತಾ ಇರಬೇಕಾ?”

ಜಗಳ ಆಡಿದೆ, ಕಣ್ಣೀರು ಹಾಕಿದೆ, ಒಂದು ದಿನ ಮಾತು ಬಿಟ್ಟೆ. ಅವರು ಹಿಡಿದ ಪಟ್ಟು ಬಿಡಲಿಲ್ಲ. ತಾವು ಊರಿನಲ್ಲಿದ್ದ ತಮ್ಮನ ಮನೆಗೆ ಹೋಗುವುದೆಂದೂ ಮೇಜು ನನ್ನ ಜೊತೆ ಬರುವುದೆಂದೂ ಅವರೇ ತೀರ್ಮಾನಿಸಿಬಿಟ್ಟರು.

ಅಣ್ಣನ ಮನೆಯ ಕೋಣೆ ಚಿಕ್ಕದು, ಅಷ್ಟುದ್ದದ ಹಲಗೆ ಹಿಡಿಸುವಂತಿರಲಿಲ್ಲ. ಹಲಗೆ ಬಿಚ್ಚಿದ್ದಾಯಿತು. ಅಣ್ಣ ಗರಗಸಕ್ಕೆ ಕೈಹಾಕಿದರೆ ಮಾವ ತಡೆದರು. “ಕಾಲಾದ್ರೆ ಸರಿ. ಮೈಕಾ ನಿಮ್ಮ ಬ್ಯಾಂಕಿನ ಕೈಗೆ ಬಗ್ಗಲ್ಲ ಬೀಗರೇ, ಆಚೆ ಸರೀರಿ.” ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಕತ್ತರಿಸತೊಡಗಿದರು. ಇನ್ನೊಂದು ತುದಿಯನ್ನು ನಾನು ಎತ್ತಿ ಹಿಡಿದಿದ್ದೆ. ಅವರ ನಡುಕ ಹಲಗೆಯುದ್ದಕ್ಕೂ ಬಂದು ನನ್ನ ಅಂಗೈಗೆ ತಾಗುತ್ತಿತ್ತು. ಅರ್ಧದವರೆಗೆ ನೇರವಾಗಿ ಹೋದ ಕೊಯ್ತ ಆಮೇಲೆ ಗೀಟು ಬಿಟ್ಟು ಹಾವಿನಂತೆ ಸರಿಯಿತು. ಮೈಕಾ ಅಲ್ಲಲ್ಲಿ ಚಕ್ಕೆ ಎದ್ದಿತು.

ಮಾವ ಆ ಅಂಚಿನ ಮೇಲೆ ಬೆರಳಾಡಿಸಿದರು. “ಈ ಕಡೆ ಗೋಡೆಗೆ ಕೊಡಮ್ಮ. ಕಾಣಲ್ಲ.”

ಹೋದ ತಿಂಗಳು ಮಾವ, ತಮ್ಮನ ಮನೆಯಲ್ಲಿ, ನಿದ್ದೆಯಲ್ಲೇ ತೀರಿಕೊಂಡರಂತೆ.

ಗೋಡೆಯ ಕಡೆ ಕಿಟಕಿಯ ಬಾಗಿಲು ಅಡ್ಡ ಬರುತ್ತದೆಂಬ ನೆಪ ಹೇಳಿ ಆ ಅಂಚನ್ನು ಹೊರಗೇ ಬಿಟ್ಟಿದ್ದೇನೆ. ಮಗಳ ಅಂಗಿಯ ತೋಳು ಆಗಾಗ ಅದಕ್ಕೆ ಸಿಕ್ಕಿ ನೂಲು ಎಳೆಯುತ್ತದೆ. “ಒಂಚೂರು ಉಜ್ಜಿಸಿ ನುಣುಪು ಮಾಡಿಸೋಣ ಕಣೇ” ಎಂದು ಅಣ್ಣ ಹೇಳುತ್ತಲೇ ಇರುತ್ತಾನೆ. ಮಾಡಿಸೋಣ ಎನ್ನುತ್ತೇನೆ. ಸಂಜೆ ಕೂತು ತೋಳಿಗೆ ಹೊಲಿಗೆ ಹಾಕುತ್ತೇನೆ.